ಹೊಸ ಪಿನ್‌ಬಾಲ್ ಯಂತ್ರವನ್ನು ಪರಿಚಯದವರಿಗೆ ಮಾರುವಾಗ ನ್ಯಾಯವಾದ ಬೆಲೆ ಎಷ್ಟು?

ಹೇಮಾವತಿತೀರ (ನೇಪರ್‌ವಿಲ್, ಇಲಿನಾಯ್), ಸೆಪ್ಟೆಂಬರ್ 2024

ಎಲ್ಲರಿಗೂ ನಮಸ್ಕಾರ. ಗಾಜಿನ ಕೆಳಗೆ ಉರುಳುವ ಉಕ್ಕಿನ ಚೆಂಡನ್ನು ಗುಂಡಿಯೊತ್ತಿ ಹೊಡೆದು ಆಡುವ ಪಿನ್‌ಬಾಲ್ ಯಂತ್ರಗಳನ್ನು ಕೊಂಡು ಮಾರಿ ಅನುಭವವಿರುವ ಕನ್ನಡಿಗರು ಇಲ್ಲಿ ಕೆಲವರಾದರೂ ಇದ್ದಾರೆ ಎಂದು ತಿಳಿದು ಈ ಪ್ರಶ್ನೆಯನ್ನು ಮುಂದಿಡುತ್ತಿದ್ದೇನೆ.

ಕಳೆದ ತಿಂಗಳು ಸ್ಟರ್ನ್ ಕಂಪನಿಯ ‘ಜಾಸ್’ ಯಂತ್ರದ ಪ್ರೀಮಿಯಂ ಮಾದರಿಯನ್ನು ಡೀಲರ್ ಒಬ್ಬರಿಂದ ಹೊಸದಾಗಿ ಕೊಂಡೆ. ಕಂಪನಿ ಗೊತ್ತುಪಡಿಸಿದ ಬೆಲೆ 9,699 ಡಾಲರ್. ಮಾರಾಟ ತೆರಿಗೆ ಸುಮಾರು ಶೇಕಡಾ 8, ಅಂದರೆ 775 ಡಾಲರ್. ಮನೆಗೆ ತಂದು ನೆಲಮಾಳಿಗೆಗೆ ಇಳಿಸಿಕೊಟ್ಟಿದ್ದಕ್ಕೆ 250 ಡಾಲರ್. ಹೀಗೆ ಒಟ್ಟು 10,724 ಡಾಲರ್ ಖರ್ಚಾಯಿತು. ಇದಲ್ಲದೆ, ಆಟದ ನಡುವೆ ಯಂತ್ರವನ್ನು ಕಂಪಿಸುವಂತೆ ಮಾಡುವ ಶೇಕರ್ ಮೋಟಾರನ್ನು ಸುಮಾರು 150 ಡಾಲರ್ ಕೊಟ್ಟು ತರಿಸಿ ನಾನೇ ಜೋಡಿಸಿದೆ.

ಯಂತ್ರ ಬಂದ ಮೂರನೆಯ ವಾರದಲ್ಲಿ, ಹಾಸನದಲ್ಲಿ ಒಬ್ಬರೇ ಇರುವ ನನ್ನ ತಾಯಿಯ ಆರೋಗ್ಯ ಕೆಟ್ಟಿತು. ದೀಪಾವಳಿಯ ಹೊತ್ತಿಗೆ ನಾವು ಊರಿಗೆ ಮರಳುವುದೆಂದು ತೀರ್ಮಾನವಾಗಿದೆ. ನೂರ ಹತ್ತು ಕಿಲೋ ತೂಗುವ ಈ ಪೆಟ್ಟಿಗೆಯನ್ನು ಸಮುದ್ರ ದಾಟಿಸಿ, ಸುಂಕ ಕಟ್ಟಿ, ಬಿಡಿಭಾಗಗಳೂ ರಿಪೇರಿ ಬಲ್ಲವರೂ ಸುಲಭವಾಗಿ ಸಿಗದ ಜಾಗಕ್ಕೆ ಒಯ್ಯುವ ಧೈರ್ಯ ನನಗಿಲ್ಲ. ಯಂತ್ರದ ಒಳಗಣ ಲೆಕ್ಕದಂತೆ ಇದುವರೆಗೆ ಆಗಿರುವುದು 63 ಆಟಗಳು ಮಾತ್ರ.

ಕನ್ನಡ ಕೂಟದಲ್ಲಿ ಪರಿಚಯವಾದ ಒಬ್ಬರು ಇದನ್ನು ಕೊಳ್ಳಲು ಮುಂದೆ ಬಂದಿದ್ದಾರೆ. ಗಣೇಶ ಚತುರ್ಥಿಯ ದಿನ ನಮ್ಮ ಮನೆಗೆ ಬಂದಿದ್ದಾಗ ಅವರ ಹನ್ನೊಂದು ವರ್ಷದ ಮಗ ಊಟಕ್ಕೆ ಕರೆದರೂ ಯಂತ್ರ ಬಿಟ್ಟು ಬರಲಿಲ್ಲ. ಪಿನ್‌ಬಾಲ್ ಮಾರುಕಟ್ಟೆಯ ಬಗ್ಗೆ ಅವರಿಗೆ ಏನೂ ತಿಳಿಯದು. ‘ನೀವು ಹೇಳಿದಷ್ಟು ಕೊಡುತ್ತೇನೆ, ನಿಮ್ಮ ಮೇಲೆ ನಂಬಿಕೆಯಿದೆ’ ಎಂದುಬಿಟ್ಟಿದ್ದಾರೆ. ಆ ಮಾತು ಕೇಳಿದಂದಿನಿಂದ ನನಗೆ ನೆಮ್ಮದಿಯಿಲ್ಲ. ಅವರು ಚೌಕಾಶಿ ಮಾಡಿದ್ದರೆ ಇಬ್ಬರೂ ಜಗ್ಗಾಡಿ ಎಲ್ಲೋ ಒಂದು ಕಡೆ ನಿಲ್ಲುತ್ತಿದ್ದೆವು. ಈಗ ಎರಡೂ ಕಡೆಯ ವಕಾಲತ್ತು ನನ್ನ ತಲೆಗೇ ಬಂದಿದೆ.

ಯಂತ್ರ ಹೊಸದೇ ಆಗಿರುವುದರಿಂದ ಖರ್ಚಾದಷ್ಟನ್ನು ಕೇಳುವುದರಲ್ಲಿ ತಪ್ಪಿಲ್ಲ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಹೊಸ ಕಾರು ಷೋರೂಮಿನಿಂದ ಹೊರಬಿದ್ದೊಡನೆ ಬೆಲೆ ಕಳೆದುಕೊಳ್ಳುವಂತೆ ಇದಕ್ಕೂ ಐದರಲ್ಲಿ ಒಂದು ಪಾಲು ಬಿಡಬೇಕು ಎಂದು ಕಚೇರಿಯ ಗೆಳೆಯರೊಬ್ಬರು ಹೇಳುತ್ತಾರೆ. ಒಂದು ಲೆಕ್ಕಕ್ಕೆ 10,700 ಆಗುತ್ತದೆ, ಇನ್ನೊಂದಕ್ಕೆ 7,750 ಆಗುತ್ತದೆ. ನಡುವಿನ ಅಂತರ ಸಣ್ಣದಲ್ಲ. ಇವೆರಡರ ನಡುವೆ ನ್ಯಾಯವಾದ ಬೆಲೆಯನ್ನು ಯಾವ ಆಧಾರದ ಮೇಲೆ ಕಟ್ಟಬೇಕು?

ಲೆಕ್ಕದಪುಸ್ತಕ (ಎಲ್ಮ್‌ಹರ್ಸ್ಟ್, ಇಲಿನಾಯ್)

ಹೇಮಾವತಿತೀರ ಅವರೇ, ಮೊದಲಿಗೆ ನಿಮ್ಮ ತಾಯಿಯವರು ಬೇಗ ಗುಣಮುಖರಾಗಲಿ ಎಂದು ಹಾರೈಸುತ್ತೇನೆ.

ಇಪ್ಪತ್ತು ವರ್ಷಗಳಲ್ಲಿ ನಾನು ಹನ್ನೊಂದು ಯಂತ್ರಗಳನ್ನು ಕೊಂಡಿದ್ದೇನೆ, ಎಂಟನ್ನು ಮಾರಿದ್ದೇನೆ. ನನಗೆ ತಿಳಿದಂತೆ ನಿಮ್ಮ ಹೆಂಡತಿಯವರ ಲೆಕ್ಕವೂ ಗೆಳೆಯರ ಲೆಕ್ಕವೂ ಒಂದೇ ಕಡೆ ಎಡವುತ್ತವೆ: ಎರಡೂ ನೀವು ಕೊಟ್ಟ ಹಣದಿಂದ ಶುರುವಾಗುತ್ತವೆ. ಕೊಳ್ಳುವವರಿಗೆ ನೀವು ಎಷ್ಟು ಕೊಟ್ಟಿರಿ ಎಂಬುದು ಮುಖ್ಯವಲ್ಲ. ಅವರು ಇದೇ ವಾರ ನಿಮ್ಮನ್ನು ಬಿಟ್ಟು ಡೀಲರ್ ಬಳಿಗೆ ಹೋದರೆ ಇದೇ ಯಂತ್ರ ಅವರ ಮನೆಯಲ್ಲಿ ನಿಲ್ಲುವ ಹೊತ್ತಿಗೆ ಒಟ್ಟು ಎಷ್ಟಾಗುತ್ತದೆ, ನಿಮ್ಮಿಂದ ಕೊಂಡರೆ ಅದರಲ್ಲಿ ಏನೇನು ಸಿಗುವುದಿಲ್ಲ, ಇವೆರಡನ್ನು ತೂಗಿ ಬೆಲೆ ಕಟ್ಟಬೇಕು.

ಪ್ರೀಮಿಯಂ ಮಾದರಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಸ್ಟರ್ನ್ ಕಂಪನಿ ಒಂದೊಂದು ಆಟವನ್ನೂ ಪ್ರೊ, ಪ್ರೀಮಿಯಂ, ಲಿಮಿಟೆಡ್ ಎಡಿಷನ್ ಎಂದು ಮೂರು ದರ್ಜೆಗಳಲ್ಲಿ ಹೊರತರುತ್ತದೆ. ಜಾಸ್ ಆಟದ ಲಿಮಿಟೆಡ್ ಎಡಿಷನ್ 1,000 ಯಂತ್ರಗಳಿಗೆ ಮಾತ್ರ ಸೀಮಿತ, ಅದರ ಬೆಲೆ 12,999 ಡಾಲರ್. 6,999 ಡಾಲರಿನ ಪ್ರೊ ಮಾದರಿಗೂ ನಿಮ್ಮ ಪ್ರೀಮಿಯಂಗೂ ಅಂಥ ಮಿತಿಯಿಲ್ಲ. ಬೇಡಿಕೆ ಕಂಡರೆ ಎಲ್ಕ್ ಗ್ರೋವ್ ವಿಲೇಜಿನ ಕಾರ್ಖಾನೆ ಇನ್ನೊಂದು ಕಂತನ್ನು ತಯಾರಿಸುತ್ತದೆ. ಹೊಸದು ಡೀಲರ್ ಬಳಿ ಸಿಗುತ್ತಿರುವಷ್ಟು ಕಾಲ ನಿಮ್ಮ ಬೆಲೆಯ ತಲೆಯ ಮೇಲೆ ಆ 9,699 ಒಂದು ಸೂರಿನಂತೆ ಇದ್ದೇ ಇರುತ್ತದೆ.

ತೆರಿಗೆಯ ಬಗ್ಗೆ ಒಂದು ಮಾತು, ಏಕೆಂದರೆ ಹಲವರು ಇಲ್ಲಿ ತಪ್ಪುತ್ತಾರೆ. ಕಟ್ಟಿದ ತೆರಿಗೆ ನೀರಿಗೆ ಹೋಯಿತು ಎಂದು ಅದನ್ನು ಪೂರ್ತಿ ಕೈಬಿಡಬೇಡಿ. ಇಲಿನಾಯ್‌ನಲ್ಲಿ ವ್ಯಾಪಾರಿಯಲ್ಲದ ವ್ಯಕ್ತಿ ತನ್ನ ಮನೆಯ ಇಂಥ ವಸ್ತುವನ್ನು ಎಂದೋ ಒಮ್ಮೆ ಮಾರಿದರೆ ಅದಕ್ಕೆ ಮಾರಾಟ ತೆರಿಗೆ ಬೀಳುವುದಿಲ್ಲ. ಹಿಂದೆ ಬೇರೆ ರಾಜ್ಯದ ಡೀಲರ್‌ನಿಂದ ತರಿಸಿ ತೆರಿಗೆ ಉಳಿಸುವವರಿದ್ದರು. 2018ರ ಜೂನ್‌ನಲ್ಲಿ ವೇಫೇರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಹೊರರಾಜ್ಯದ ಮಾರಾಟಗಾರರೂ ತೆರಿಗೆ ವಸೂಲು ಮಾಡುವಂತಾಗಿ ಆ ದಾರಿ ಬಹುಮಟ್ಟಿಗೆ ಮುಚ್ಚಿಹೋಯಿತು. ಆದ್ದರಿಂದ ನಿಮ್ಮಿಂದ ಕೊಳ್ಳುವವರು 775 ಡಾಲರನ್ನು ನಿಜವಾಗಿಯೂ ಉಳಿಸುತ್ತಾರೆ. ಆ ಉಳಿತಾಯವನ್ನು ಇಬ್ಬರೂ ಹಂಚಿಕೊಳ್ಳಬಹುದು.

ಈಗ ಲೆಕ್ಕ ಹಾಕೋಣ. ಡೀಲರ್‌ನಿಂದ ಕೊಂಡರೆ ಅವರಿಗೂ 10,724 ಡಾಲರ್ ಆಗುತ್ತದೆ. ನಿಮ್ಮ ನೆಲಮಾಳಿಗೆಯಿಂದ ಎತ್ತಿ ಸಾಗಿಸಲು ವ್ಯಾನು, ಇಬ್ಬರು ಆಳು ಎಂದು 200 ಕಳೆಯಿರಿ. ಡೀಲರ್ ಮಾರಿದ ಯಂತ್ರಕ್ಕೆ ವಾರಂಟಿ ಇರುತ್ತದೆ, ಫೋನ್ ಮಾಡಿದರೆ ಉತ್ತರಿಸುವ ಒಬ್ಬ ಮನುಷ್ಯನಿರುತ್ತಾನೆ. ಎರಡನೆಯ ಕೈಗೆ ಹೋದಾಗ ಅವೆರಡೂ ಇಲ್ಲವೆಂದೇ ಭಾವಿಸುವುದು ಕ್ಷೇಮವಾದ್ದರಿಂದ ಅದಕ್ಕೆ 500 ಕಳೆಯಿರಿ. ಪೆಟ್ಟಿಗೆ ಒಡೆದು 63 ಆಟ ಆಡಿದ್ದಕ್ಕೆ 300. ಕೊನೆಯದಾಗಿ, ಎರಡೂ ಕಡೆ ಸರಿಸಮವಾದರೆ ಯಾರೇ ಆಗಲಿ ಡೀಲರ್ ಬಳಿಗೇ ಹೋಗುತ್ತಾರೆ. ನಿಮ್ಮ ಬಳಿಗೆ ಬರಲು ಅವರಿಗೊಂದು ಲಾಭ ಕಾಣಬೇಕು, ಅದಕ್ಕೆ ಇನ್ನೊಂದು 500. ಉಳಿಯುವುದು 9,224. ನನ್ನ ಲೆಕ್ಕದಲ್ಲಿ 9,200 ನ್ಯಾಯವಾದ ಬೆಲೆ. ಈ ಕಡಿತಗಳಲ್ಲಿ ನನ್ನ ಅಂದಾಜು ಇದೆ, ಆದರೆ ಪ್ರತಿಯೊಂದಕ್ಕೂ ಒಂದು ಕಾರಣವಿದೆ. ಕಾರಿನ ಹೋಲಿಕೆಯಲ್ಲಿ ಅದು ಇಲ್ಲ.

ಶೇಕರ್ ಮೋಟಾರಿಗೆ ಬೇರೆ ಬೆಲೆ ಹಾಕಬೇಡಿ. ಜೋಡಿಸಿದ ಅಲಂಕಾರ, ಸಲಕರಣೆಗಳಿಗೆ ಕೊಟ್ಟ ಹಣ ಹಿಂದಿರುಗುವುದು ಅಪರೂಪ. ಬಿಚ್ಚಿ ಬೇರೆಯಾಗಿ ಮಾರಿ, ಇಲ್ಲವೇ ಹುಡುಗನಿಗೆಂದು ಯಂತ್ರದಲ್ಲೇ ಬಿಟ್ಟುಕೊಡಿ.

ಬಯಲುಸೀಮೆ (ಮಿಲ್ವಾಕಿ, ವಿಸ್ಕಾನ್ಸಿನ್)

ಲೆಕ್ಕದಪುಸ್ತಕ ಅವರ ವಿಧಾನವನ್ನು ಒಪ್ಪುತ್ತೇನೆ, ಮೊತ್ತವನ್ನು ಒಪ್ಪುವುದಿಲ್ಲ. ಸಾಗಣೆಯ 250 ಡಾಲರನ್ನು ಈಗ ಎಷ್ಟೋ ಡೀಲರ್‌ಗಳು ಕೇಳುವುದೇ ಇಲ್ಲ. ಜಾಹೀರಾತಿನಲ್ಲಿ ಕಂಪನಿಯ ಬೆಲೆಗಿಂತ ಕೆಳಗೆ ಬರೆಯದಿದ್ದರೂ, ಬಾಯಿಬಿಟ್ಟು ಕೇಳಿದವರಿಗೆ ಸಾಗಣೆ ಬಿಟ್ಟುಕೊಡುತ್ತಾರೆ. ನೀವು ಕೊಟ್ಟಿರಿ ಎಂಬ ಕಾರಣಕ್ಕೆ ಕೊಳ್ಳುವವರೂ ಕೊಡುತ್ತಾರೆಂದು ಹಿಡಿಯಬಾರದು. ಡೀಲರ್‌ಗೆ ಇವತ್ತೇ ಫೋನ್ ಮಾಡಿ ವಿಚಾರಿಸಿ.

ಇನ್ನೊಂದು ವಿಷಯ. ಅಕ್ಟೋಬರ್‌ನಲ್ಲಿ ಶಿಕಾಗೊ ಬಳಿ ಪಿನ್‌ಬಾಲ್ ಎಕ್ಸ್‌ಪೋ ನಡೆಯುತ್ತದೆ. 1985ರಿಂದ ನಡೆದುಬಂದಿರುವ ಆ ಮೇಳಕ್ಕೆ ದೇಶದ ಎಲ್ಲೆಡೆಯಿಂದ ಕೊಳ್ಳುವವರು ಬರುತ್ತಾರೆ. ಅಲ್ಲಿಯವರೆಗೆ ತಡೆದರೆ, ಅಥವಾ ನಂಬಿಕೆಯ ಗೆಳೆಯರ ಮನೆಯಲ್ಲಿ ಎರಡು ವರ್ಷ ಇಟ್ಟರೆ ಹೆಚ್ಚಿನ ಬೆಲೆ ಸಿಗಬಹುದಲ್ಲವೇ? ಆಟ ಚೆನ್ನಾಗಿದೆ ಎಂಬ ಮಾತು ಎಲ್ಲೆಡೆ ಇದೆ. ಒಳ್ಳೆಯ ಪಿನ್‌ಬಾಲ್ ಯಂತ್ರಗಳ ಬೆಲೆ ಏರುವುದನ್ನೇ ನಾನು ಕಂಡಿದ್ದೇನೆ.

ಲೆಕ್ಕದಪುಸ್ತಕ

ಸಾಗಣೆಯ ವಿಷಯದಲ್ಲಿ ನಿಮ್ಮ ಮಾತು ಸರಿ. ಅದನ್ನು ತೆಗೆದರೆ ನನ್ನ ಮೊತ್ತ 9,224ರಿಂದ 8,974ಕ್ಕೆ ಇಳಿಯುತ್ತದೆ. ತಿದ್ದುಪಡಿಯನ್ನು ಒಪ್ಪುತ್ತೇನೆ.

ಬೆಲೆ ಏರುವುದನ್ನು ಕಾಯುವ ಸಲಹೆಯನ್ನು ಮಾತ್ರ ಒಪ್ಪಲಾರೆ. ನೀವು ಕಂಡ ಏರಿಕೆಯಲ್ಲಿ ದೊಡ್ಡ ಪಾಲು 2020ರಿಂದ 2022ರವರೆಗಿನದು. ಜನ ಮನೆಯಲ್ಲೇ ಕುಳಿತಿದ್ದರು, ಕಾರ್ಖಾನೆಗಳು ಬೇಡಿಕೆಗೆ ತಕ್ಕಂತೆ ಪೂರೈಸಲಾರದೆ ಹೋದವು, ಆಡಿದ ಯಂತ್ರಗಳೂ ಡೀಲರ್ ಬೆಲೆಯನ್ನು ಮೀರಿ ಮಾರಾಟವಾದವು. ಆ ಕಾಲ ಮುಗಿದಿದೆ. ಈಗ ಲಿಮಿಟೆಡ್ ಎಡಿಷನ್‌ಗಳೇ ಮೂಲಬೆಲೆಗಿಂತ ಕೆಳಗೆ ಕೈಬದಲಾಗುತ್ತಿವೆ.

ಅಪರೂಪದ್ದು ಎಂಬುದಷ್ಟನ್ನೇ ನೆಚ್ಚಿಕೊಳ್ಳುವಂತೆಯೂ ಇಲ್ಲ. ವಿಲಿಯಮ್ಸ್ ಕಂಪನಿ 1997ರಲ್ಲಿ ಹೊರತಂದ ‘ಮೆಡೀವಲ್ ಮ್ಯಾಡ್‌ನೆಸ್’ ಯಂತ್ರಗಳ ಸಂಖ್ಯೆ 4,016 ಮಾತ್ರ. ಎಷ್ಟೋ ವರ್ಷ ಅದರ ಬೆಲೆ ಏರುತ್ತಲೇ ಇತ್ತು. ಶಿಕಾಗೊ ಗೇಮಿಂಗ್ ಕಂಪನಿ ಅದನ್ನೇ ಹೊಸದಾಗಿ ತಯಾರಿಸಿ 2015ರಲ್ಲಿ ಮನೆಮನೆಗೆ ಕಳುಹಿಸತೊಡಗಿದಾಗ, ಹಳೆಯದನ್ನು ಬಂಡವಾಳವೆಂದು ಬಟ್ಟೆ ಮುಚ್ಚಿ ಇಟ್ಟವರು ಪೆಟ್ಟು ತಿಂದರು. ಅವರಲ್ಲಿ ನನ್ನ ಹತ್ತಿರದ ಗೆಳೆಯರೂ ಒಬ್ಬರು. ಇದಕ್ಕೆ ವಿರುದ್ಧವಾಗಿ 1992ರ ‘ಆಡಮ್ಸ್ ಫ್ಯಾಮಿಲಿ’ 20,270ರಷ್ಟು ತಯಾರಾಗಿ ಊರೂರಿನಲ್ಲಿ ಕಾಣಸಿಕ್ಕರೂ ಜನ ಇಂದಿಗೂ ಅದನ್ನು ಹೆಚ್ಚು ಹಣ ಕೊಟ್ಟು ಕೊಳ್ಳುತ್ತಾರೆ. ಇದನ್ನೆಲ್ಲ ಮೊದಲೇ ಊಹಿಸಿ ಲಾಭ ಮಾಡುವುದು ಊರು ಬಿಟ್ಟು ಹೊರಟಿರುವ ಮನುಷ್ಯನ ಕೆಲಸವಲ್ಲ. ಅಲ್ಲದೆ ಎರಡು ವರ್ಷ ಬೇರೆಯವರ ಮನೆಯಲ್ಲಿ ಇರಿಸಿದರೆ ಆಟದ ಲೆಕ್ಕ 63ರಲ್ಲೇ ನಿಂತಿರುತ್ತದೆಯೇ?

ಕೊಡಚಾದ್ರಿ (ಗ್ರ್ಯಾಂಡ್ ರಾಪಿಡ್ಸ್, ಮಿಶಿಗನ್)

ನಾನು ಒಂಬತ್ತು ವರ್ಷಗಳಿಂದ ಈ ಯಂತ್ರಗಳನ್ನು ರಿಪೇರಿ ಮಾಡುತ್ತಿರುವವಳು. ಮೇಲಿನ ಲೆಕ್ಕವೆಲ್ಲ ಒಂದು ಊಹೆಯ ಮೇಲೆ ನಿಂತಿದೆ: ಯಂತ್ರ ನಿಜವಾಗಿಯೂ ಹೊಸದರಂತಿದೆ ಎಂಬ ಊಹೆ. ಅದನ್ನು ಕೊಳ್ಳುವವರ ಎದುರಿನಲ್ಲೇ ತೋರಿಸಿಕೊಡಬೇಕಾದದ್ದು ನಿಮ್ಮ ಹೊಣೆ. ಅವರಿಗೆ ಏನನ್ನು ನೋಡಬೇಕೆಂದೇ ಗೊತ್ತಿಲ್ಲ ಎಂದು ನೀವೇ ಬರೆದಿದ್ದೀರಿ.

ಯಂತ್ರದ ಮುಂಬದಿಯ ಕಾಯಿನ್ ಡೋರ್ ತೆರೆದು, ಒಳಗಿನ ಹಿಡಿಕೆ ಎಳೆದು, ಮುಂದಿನ ಲೋಹದ ಪಟ್ಟಿಯನ್ನು ಎತ್ತಿ, ಗಾಜನ್ನು ಮೆಲ್ಲಗೆ ನಿಮ್ಮ ಕಡೆಗೆ ಜಾರಿಸಿ ತೆಗೆಯಿರಿ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಚೆಂಡು ಉರುಳುವ ಹಲಗೆಯಾದ ಪ್ಲೇಫೀಲ್ಡ್‌ನ ಮೇಲ್ಮೈಗೆ ಸಮವಾಗಿ ಮಲಗಿಸಿ ಹಿಡಿಯಿರಿ. ಮೇಲಿನಿಂದ ನೋಡಿದಾಗ ಕನ್ನಡಿಯಂತೆ ಹೊಳೆಯುತ್ತಿದ್ದ ಹಲಗೆಯ ಮೇಲೆ ಸಾಸಿವೆಯಷ್ಟೇ ಸಣ್ಣ ಕುಳಿಗಳು ಒಮ್ಮೆಗೇ ಎದ್ದು ಕಾಣುತ್ತವೆ. ಎಂಬತ್ತು ಗ್ರಾಂ ತೂಗುವ ಉಕ್ಕಿನ ಚೆಂಡು ರ‍್ಯಾಂಪ್‌ನಿಂದ ಹಾರಿ ಬೀಳುವ ಜಾಗದಲ್ಲಿ ಅವು ಗುಂಪಾಗಿರುತ್ತವೆ. ಇದು ದೋಷವಲ್ಲ, ಮೊದಲ ಕೆಲವು ನೂರು ಆಟಗಳಲ್ಲಿ ಎಲ್ಲ ಯಂತ್ರಗಳಲ್ಲೂ ಆಗುವಂಥದ್ದು. ಮುಂದೆ ಆಟಗಳು ಸಾವಿರ ದಾಟಿದಾಗ ಕುಳಿಯ ಪಕ್ಕ ಕುಳಿ ಬಿದ್ದು ಎಲ್ಲ ಒಂದಾಗಿ ಮತ್ತೆ ಸಮನಾಗಿ ಕಾಣುತ್ತದೆ. ಆದರೆ ಮನೆಗೆ ಒಯ್ದು ಒಂದು ವಾರವಾದ ಮೇಲೆ ಅವರೇ ಇದನ್ನು ಕಂಡರೆ, ‘ನೀವು ಹೇಳಲಿಲ್ಲ’ ಎಂಬ ಮಾತು ಬರುತ್ತದೆ. ನೀವೇ ತೋರಿಸಿ, ಕಾರಣ ಹೇಳಿ.

ಕುಳಿಗಳಿಗಿಂತ ಮುಖ್ಯವಾಗಿ ಪರೀಕ್ಷಿಸಬೇಕಾದದ್ದು ಚೆಂಡು ಬಲವಾಗಿ ಬಡಿಯುವ ಕಂಬಗಳ ಬುಡ. ಅಲ್ಲಿ ವಾರ್ನಿಷ್ ಅಲೆಯಂತೆ ಎದ್ದಿದ್ದರೆ ಅಥವಾ ಚಕ್ಕೆ ಹಾರಿದ್ದರೆ ಬೆಲೆಯನ್ನು ನಿಜವಾಗಿಯೂ ಇಳಿಸಬೇಕು. ಕೆಲವು ವರ್ಷಗಳ ಹಿಂದೆ ನಾನು ಕೊಂಡ ಒಂದು ಯಂತ್ರದಲ್ಲಿ ಮಾರಿದವರು ಆ ಜಾಗವನ್ನು ಪಾರದರ್ಶಕ ಪ್ಲಾಸ್ಟಿಕ್ ಬಿಲ್ಲೆಯಿಂದ ಮುಚ್ಚಿದ್ದರು. ಆರು ತಿಂಗಳ ನಂತರ ಬಿಲ್ಲೆ ಬಿಚ್ಚಿದಾಗ ಬಣ್ಣವೂ ಅದರೊಂದಿಗೆ ಎದ್ದು ಬಂತು. ನಾನೇ ಈ ಕೆಲಸದವಳಾಗಿದ್ದೂ ಮೋಸಹೋದೆ.

ಆಟದ ಸಂಖ್ಯೆಯನ್ನು ಮೆನುವಿನಲ್ಲಿ ತೋರಿಸಿದರಷ್ಟೇ ಸಾಲದು, ಅದನ್ನು ಅಳಿಸಿ ಮತ್ತೆ ಶುರುಮಾಡಬಹುದು. ಯಂತ್ರವೇ ಸಾಕ್ಷಿ ಹೇಳಬೇಕು. ಪ್ಲೇಫೀಲ್ಡನ್ನು ಎತ್ತಿ ನಿಲ್ಲಿಸಿದಾಗ ಚೆಂಡನ್ನು ಹೊಡೆಯುವ ಫ್ಲಿಪ್ಪರ್‌ಗಳ ಕೆಳಗಿನ ಜೋಡಣೆಯ ಸುತ್ತ ಕಪ್ಪು ಪುಡಿ ಕೂತಿರಬಾರದು. ಕ್ಯಾಬಿನೆಟ್ಟಿನ ಎರಡೂ ಬದಿಯಲ್ಲಿ ಫ್ಲಿಪ್ಪರ್ ಗುಂಡಿಯ ಹಿಂದೆ ಚಿತ್ರದ ಮೇಲೆ ಬೆರಳಿನ ಉಂಗುರ ಗೀರಿದ ಸಣ್ಣ ಗೆರೆಗಳಿವೆಯೇ ಎಂದು ನೋಡಿ. ಹೊಸ ಯಂತ್ರದಲ್ಲೂ ಮೂರು ವಾರದಲ್ಲಿ ಇವು ಬಂದಿರುವುದನ್ನು ನಾನು ಕಂಡಿದ್ದೇನೆ. ಕೊಂಡ ರಸೀದಿ, ಕೀಲಿಗಳು, ಪುಸ್ತಿಕೆ, ಬಿಡಿ ಸ್ಕ್ರೂಗಳ ಪೊಟ್ಟಣ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಕೊಡಿ. ಸ್ಟರ್ನ್ ಕಂಪನಿಯ ಆನ್‌ಲೈನ್ ಸೇವೆಯಾದ ಇನ್‌ಸೈಡರ್ ಕನೆಕ್ಟೆಡ್‌ನಲ್ಲಿ ಯಂತ್ರವನ್ನು ನೋಂದಾಯಿಸಿದ್ದರೆ ನಿಮ್ಮ ಖಾತೆಯಿಂದ ಬಿಡಿಸಿಕೊಡಿ. ವಾರಂಟಿಯಲ್ಲಿ ಏನಾದರೂ ಉಳಿದಿದೆಯೇ ಎಂದು ಡೀಲರ್‌ನನ್ನು ಕೇಳಿ ಅವರಿಗೆ ತಿಳಿಸಿ.

ಹಣವನ್ನು ಕಂತಿನಲ್ಲಿ ಕೊಡುತ್ತೇನೆ ಎಂದರೆ ಒಪ್ಪಬೇಡಿ. ನೀವು ನವೆಂಬರ್‌ನಲ್ಲಿ ಹಾಸನದಲ್ಲಿರುತ್ತೀರಿ. ಅಲ್ಲಿಂದ ಫೋನ್ ಮಾಡಿ ಉಳಿದ ಹಣ ಕೇಳುವ ಸಂಕಟ ನಿಮಗೂ ಬೇಡ, ಅವರಿಗೂ ಬೇಡ. ದಾಕ್ಷಿಣ್ಯಕ್ಕೆ ಬಿದ್ದು ಮಾಡಿದ ವ್ಯಾಪಾರದಿಂದ ಹಣದ ಜೊತೆಗೆ ಮಾತುಕತೆಯೂ ನಿಂತುಹೋದದ್ದನ್ನು ನಮ್ಮ ಬಳಗದಲ್ಲೇ ಕಂಡಿದ್ದೇನೆ.

ಹೇಮಾವತಿತೀರ

ಮೂವರಿಗೂ ಮನಸಾರೆ ಕೃತಜ್ಞತೆಗಳು. ಏನಾಯಿತೆಂದು ತಿಳಿಸುತ್ತೇನೆ.

ಡೀಲರ್‌ಗೆ ಫೋನ್ ಮಾಡಿದೆ. ಬೆಲೆ ಅದೇ 9,699, ಆದರೆ ಈಗ ಸಾಗಣೆಗೆ ಹಣ ಕೇಳುವುದಿಲ್ಲ ಎಂದರು. ಬಯಲುಸೀಮೆ ಅವರ ಮಾತು ನಿಜವಾಯಿತು. ಲೆಕ್ಕದಪುಸ್ತಕ ಅವರ ಕಡಿತಗಳನ್ನು ಒಂದರ ಕೆಳಗೊಂದು ಒಂದೇ ಹಾಳೆಯಲ್ಲಿ ಬರೆದೆ. ಹಾಳೆಯ ಮೇಲ್ಭಾಗದಲ್ಲಿ ಡೀಲರ್‌ನ ಫೋನ್ ಸಂಖ್ಯೆಯನ್ನೂ ಬರೆದು, ಒಪ್ಪುವ ಮೊದಲು ಅವರೇ ಒಮ್ಮೆ ವಿಚಾರಿಸಬೇಕೆಂದು ಹೇಳಿ ಕೊಟ್ಟೆ. ಅವರಿಗೆ ಇದು ಅನಗತ್ಯವೆನಿಸಿತು, ನಾನು ಪಟ್ಟು ಬಿಡಲಿಲ್ಲ. ವಿಚಾರಿಸಿದರು. ಮರುದಿನ ಬಂದು ಮೊದಲ ಬಾರಿಗೆ ಪ್ರಶ್ನೆಗಳನ್ನು ಕೇಳಿದರು: ವಾರಂಟಿಗೆ 500 ಏಕೆ, ಫ್ಲಿಪ್ಪರ್ ಕೆಟ್ಟರೆ ಎಷ್ಟು ಖರ್ಚಾಗುತ್ತದೆ, ಹುಡುಗ ಒಬ್ಬನೇ ಗಾಜು ತೆಗೆಯಬಹುದೇ. ಆ ಪ್ರಶ್ನೆಗಳು ಬಂದ ಮೇಲೆಯೇ ನನಗೆ ಇದು ವ್ಯಾಪಾರವೆನಿಸಿತು.

ಕೊಡಚಾದ್ರಿಯವರು ಹೇಳಿದಂತೆ ದೀಪ ಆರಿಸಿ ಟಾರ್ಚ್ ಹಿಡಿದೆವು. ಕುಳಿಗಳಿದ್ದವು, ಹುಡುಗ ಎಣಿಸಲು ಶುರುಮಾಡಿ ಮೂವತ್ತು ದಾಟಿದ ಮೇಲೆ ಬಿಟ್ಟ. ಕಂಬಗಳ ಬುಡ ಚೊಕ್ಕಟವಾಗಿತ್ತು. ಬಲಗಡೆಯ ಗುಂಡಿಯ ಹಿಂದೆ ಎರಡು ಗೆರೆಗಳಿದ್ದವು. ನನ್ನ ಬಲಗೈಯ ಉಂಗುರದ್ದೇ ಇರಬೇಕು, ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಅದಕ್ಕಾಗಿ 8,974ರಲ್ಲಿ ಚಿಲ್ಲರೆಯನ್ನು ಬಿಟ್ಟು 8,950 ಎಂದೆ. ಅವರು ಒಪ್ಪಿದರು, ಬ್ಯಾಂಕಿನಲ್ಲಿ ನನ್ನೆದುರೇ ಪೂರ್ತಿ ಹಣದ ಕ್ಯಾಷಿಯರ್ಸ್ ಚೆಕ್ ಬರೆಸಿ ಕೊಟ್ಟರು. ಶೇಕರ್ ಮೋಟಾರ್ ಯಂತ್ರದಲ್ಲೇ ಉಳಿಯಿತು.

ಸಾಗಿಸುವ ಮೊದಲು ಇನ್ನೇನಾದರೂ ಮಾಡಬೇಕೇ? ಶನಿವಾರ ವ್ಯಾನ್ ಬರುತ್ತದೆ.

ಕೊಡಚಾದ್ರಿ

ಎಲ್ಲಕ್ಕಿಂತ ಮೊದಲು ಚೆಂಡುಗಳನ್ನು ಹೊರತೆಗೆಯಿರಿ. ಅವು ಒಳಗೇ ಇದ್ದು ಪೆಟ್ಟಿಗೆ ಓರೆಯಾದರೆ ದಾರಿಯುದ್ದಕ್ಕೂ ಪ್ಲೇಫೀಲ್ಡನ್ನು ಬಡಿಯುತ್ತವೆ. ಆಮೇಲೆ ಹಿಂತುದಿಯಲ್ಲಿ ಎದ್ದು ನಿಂತಿರುವ ಬ್ಯಾಕ್‌ಬಾಕ್ಸನ್ನು ಮುಂದಕ್ಕೆ ಮಡಚಿ, ನಡುವೆ ದಪ್ಪ ಕಂಬಳಿ ಇಟ್ಟು, ಪಟ್ಟಿಯಿಂದ ಬಿಗಿಯಿರಿ. ಒಂದು ತುದಿಗೆ ಆಸರೆ ಕೊಟ್ಟು ಆ ಕಡೆಯ ಎರಡು ಕಾಲುಗಳನ್ನು ಬಿಚ್ಚಿದ ಮೇಲೆಯೇ ಇನ್ನೊಂದು ತುದಿಗೆ ಹೋಗಿ. ಕಾಲಿನ ಬೋಲ್ಟುಗಳನ್ನು ಚೀಲದಲ್ಲಿ ಕಟ್ಟಿ ಕಾಯಿನ್ ಡೋರಿನ ಕೀಲಿಯ ಜೊತೆಗೇ ಅವರ ಕೈಗೆ ಕೊಡಿ, ಒಳಗೆ ಹಾಕಬೇಡಿ.

ಹೇಮಾವತಿತೀರ

ಹಾಗೆಯೇ ಮಾಡಿದೆವು. ನಾಲ್ಕು ಜನ ಸೇರಿ ಮೆಟ್ಟಿಲು ಹತ್ತಿಸಲು ನಲವತ್ತು ನಿಮಿಷ ಬೇಕಾಯಿತು. ಚೆಂಡುಗಳನ್ನು ನನ್ನ ಹೆಂಡತಿ ಬಟ್ಟೆಯಲ್ಲಿ ಸುತ್ತಿ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಟ್ಟಳು. ಹುಡುಗ ಅದನ್ನು ತೊಡೆಯ ಮೇಲಿಟ್ಟುಕೊಂಡು ವ್ಯಾನಿನ ಹಿಂದೆ ಬಂದ ಕಾರಿನಲ್ಲಿ ಕುಳಿತಿದ್ದ. ರಾತ್ರಿ ಎಂಟಕ್ಕೆ ಅವನ ತಂದೆಯಿಂದ ಫೋನ್ ಬಂತು: ಯಂತ್ರವನ್ನು ನಿಲ್ಲಿಸಿದ್ದಾರೆ, ಎಡಗಡೆಗೆ ಸ್ವಲ್ಪ ವಾಲಿದೆ, ಕಾಲಿನ ಕೆಳಗಿನ ತಿರುಪನ್ನು ಯಾವ ಕಡೆಗೆ ತಿರುಗಿಸಬೇಕು ಎಂದು ಕೇಳಿದರು.